ಬೈಪೋಲಾರ್ ಇದೆ, ಈಗ ಬಸಿರಿನ ಏಳನೇ ವಾರ. ಇಟ್ಟುಕೊಂಡರೆ ಮನಸ್ಸಿಗೆ ಭಾರವೋ, ತೆಗೆಸಿದರೆ ಭಾರವೋ?

ಹುಬ್ಬಳ್ಳಿಯವಳು

ಎಲ್ಲರಿಗೂ ನಮಸ್ಕಾರ. ಹೆಸರು ಬೇಡ, ಹುಬ್ಬಳ್ಳಿಯವಳು ಅಂತಷ್ಟೇ ತಿಳಿದುಕೊಳ್ಳಿ. ವಯಸ್ಸು ಮೂವತ್ತೊಂದು. ಅಂಗನವಾಡಿಗೆ ಹೋಗುವ ಮಗಳಿದ್ದಾಳೆ.

ಅವಳು ಹುಟ್ಟಿದ ಸ್ವಲ್ಪ ದಿನಕ್ಕೇ ನನಗೆ ನಿದ್ದೆ ಪೂರ್ತಿ ಹೋಯಿತು. ಯಾರೋ ಮಗುವನ್ನು ಬದಲಾಯಿಸಿದ್ದಾರೆ ಅಂತ ಅನಿಸತೊಡಗಿತು, ಮನೆಯವರು ದೃಷ್ಟಿ ಆಗಿದೆ ಅಂತ ತಾಯತ ಕಟ್ಟಿಸಿದರು, ಅದೂ ಇದೂ ಮಾಡಿ ಕೊನೆಗೆ ನನ್ನ ಅಣ್ಣ ಹಟ ಹಿಡಿದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದ. ಅಲ್ಲಿ ಇದು ಬಾಣಂತಿ ಸನ್ನಿ ಅಂದರು. ಮುಂದೆ ಬೈಪೋಲಾರ್ ಅಂತ, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ ಅಂತ ಗೊತ್ತಾಯಿತು. ಈಗ ಅದಕ್ಕೆ ಲಿಥಿಯಂ ಗುಳಿಗೆ ಮತ್ತು ರಾತ್ರಿ ಕ್ವೆಟಿಯಾಪಿನ್ ತೆಗೆದುಕೊಳ್ಳುತ್ತೇನೆ. ಚೆನ್ನಾಗಿದ್ದೇನೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಮಗಳನ್ನು ನೋಡಿಕೊಳ್ಳುತ್ತೇನೆ.

ಈಗ ಮತ್ತೆ ತಿಂಗಳು ತಪ್ಪಿದೆ. ನಿರೋಧ್ ಬಳಸುತ್ತಿದ್ದೆವು, ಆದರೂ ಆಯಿತು. ಸ್ಕ್ಯಾನ್‌ನಲ್ಲಿ ಏಳು ವಾರ ಅಂತ ಬಂದಿದೆ. ನಮ್ಮ ಮನೆಯವರು ನಿನಗೆ ಏನು ಸರಿ ಅನಿಸುತ್ತದೋ ಅದನ್ನೇ ಮಾಡು, ನಾನಿದ್ದೇನೆ ಅಂತಾರೆ. ಅತ್ತೆ ಮಾತ್ರ "ಇದೊಂದು ಆಗ್ಲಿ, ಹುಡುಗಿಗೆ ಜೋಡಿ ಬೇಕಲ್ಲ" ಅಂತಾರೆ. ವಾರಗಿತ್ತಿ ಇನ್ನೂ ಹೆದರಿಸಿದಳು: "ತೆಗಿಸಿದ್ರ ಜೀವನಪೂರ್ತಿ ಕೊರಗತಿ, ಇರೋ ರೋಗ ಮತ್ತಷ್ಟು ಜಾಸ್ತಿ ಆಗತೈತಿ."

ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕೇಳಿದೆ. ತಲೆಗೆ ಗುಳಿಗೆ ತೆಗೆದುಕೊಳ್ಳುವವರಿಗೆ ನಾವು ಮಾಡುವುದಿಲ್ಲ, ಮಾಡಬೇಕಾದರೆ ಗಂಡ, ಅತ್ತೆ ಇಬ್ಬರೂ ಸಹಿ ಹಾಕಬೇಕು, ಮೊದಲು ಆ ಗುಳಿಗೆ ಬಿಟ್ಟು ಬಾ ಅಂದರು. ಎಲ್ಲರೂ ಕೂತಿದ್ದ ಕಡೆಯೇ ಜೋರಾಗಿ ಹೇಳಿದರು.

ನನ್ನ ಪ್ರಶ್ನೆ ಇಷ್ಟೇ. ಯಾವುದನ್ನು ಮಾಡಿದರೆ ನನ್ನ ತಲೆ ಕೆಡುವುದಿಲ್ಲ? ಮಗು ಬೇಡ ಅಂತ ಒಂದು ದಿನ ಅನಿಸುತ್ತದೆ, ಮರುದಿನ ಅಳು ಬರುತ್ತದೆ. ಆ ಹೆರಿಗೆಯ ದಿನಗಳು ಮತ್ತೆ ಬಂದರೆ ಇರುವ ಮಗಳನ್ನು ಯಾರು ನೋಡುತ್ತಾರೆ ಅನ್ನುವುದೇ ನನ್ನ ದೊಡ್ಡ ಭಯ. ಇಂಥ ಕಾಯಿಲೆ ಇದ್ದು ಈ ದಾರಿ ದಾಟಿದವರು ಯಾರಾದರೂ ಇದ್ದರೆ ಹೇಳಿ.

ಗದಗ ಸಿಸ್ಟರ್

ತಂಗಿ, ಉಳಿದದ್ದು ಆಮೇಲೆ. ಗುಳಿಗೆ ನಿಲ್ಲಿಸಬೇಡ. ಇಟ್ಟುಕೊಳ್ಳುವುದಾದರೂ ಸರಿ, ತೆಗೆಸುವುದಾದರೂ ಸರಿ, ನಿನ್ನ ಮನೋವೈದ್ಯರನ್ನು ಕೇಳದೆ ಒಂದು ಡೋಸ್ ಕೂಡ ಬಿಡಬೇಡ. ಲಿಥಿಯಂ ಒಮ್ಮೆಲೇ ಬಿಟ್ಟರೆ ಕಾಯಿಲೆ ಮರಳುವ ಅಪಾಯ ತುಂಬಾ ಜಾಸ್ತಿ. ಆ ಕ್ಲಿನಿಕ್‌ನವರು ಹೇಳಿದ್ದರಲ್ಲಿ ನನಗೆ ಅತಿ ಸಿಟ್ಟು ಬಂದದ್ದು ಈ ಮಾತಿಗೆ. ಗರ್ಭಪಾತ ಮಾಡಿಸಲು ಲಿಥಿಯಂ, ಕ್ವೆಟಿಯಾಪಿನ್ ಬಿಟ್ಟು ಬರಬೇಕು ಅಂತ ಯಾವ ನಿಯಮವೂ ಇಲ್ಲ.

ನಾನು ಗದಗ ಜಿಲ್ಲೆಯಲ್ಲಿ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ. ನೀನು ಏನು ಮಾಡಬೇಕು ಅಂತ ಹೇಳುವುದಿಲ್ಲ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಯಾವುದು ಮಾಡಿದರೆ ತಲೆ ಕೆಡುವುದಿಲ್ಲ ಅಂತ ಕೇಳಿದ್ದೀಯ. ಇದರ ಬಗ್ಗೆ ಬೇರೆ ದೇಶಗಳಲ್ಲಿ ಬಹಳ ಅಧ್ಯಯನ ಆಗಿದೆ. ಬ್ರಿಟನ್ನಿನ ವೈದ್ಯಕೀಯ ಸಂಸ್ಥೆಗಳ ಒಕ್ಕೂಟ 2011ರಲ್ಲಿ ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಬೇಡದ ಬಸಿರಿನಲ್ಲಿ ಗರ್ಭಪಾತ ಮಾಡಿಸಿಕೊಂಡವರಿಗೂ ಹೆತ್ತವರಿಗೂ ಮಾನಸಿಕ ತೊಂದರೆ ಬರುವ ಪ್ರಮಾಣ ಸುಮಾರು ಒಂದೇ ಅಂತ ಕಂಡಿತು. ಆಮೇಲೆ ಯಾರಿಗೆ ತೊಂದರೆ ಬರಬಹುದು ಅಂತ ಮೊದಲೇ ಹೇಳುವುದಾದರೆ, ಎಲ್ಲಕ್ಕಿಂತ ನಂಬಬಹುದಾದ ಗುರುತು ಒಂದೇ. ಅವಳಿಗೆ ಮೊದಲಿನಿಂದ ಮಾನಸಿಕ ಕಾಯಿಲೆ ಇತ್ತೋ ಇಲ್ಲವೋ ಅನ್ನುವುದು. ಅಂದರೆ ನಿನ್ನಂಥವರಿಗೆ ಎರಡೂ ದಾರಿಯಲ್ಲಿ ಆರೈಕೆ ಜಾಸ್ತಿ ಬೇಕು. ನಿನ್ನ ವಾರಗಿತ್ತಿ ಹೇಳಿದ ಹಾಗೆ ತೆಗೆಸಿದ್ದಕ್ಕೇ ರೋಗ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ತೆಗೆಸಿದರೆ ಏನೂ ಆಗುವುದಿಲ್ಲ, ಹಗುರ ಆಗಿಬಿಡುತ್ತೀಯ ಅಂತಲೂ ನಾನು ಹೇಳುವುದಿಲ್ಲ.

ಇನ್ನು ಇಟ್ಟುಕೊಂಡರೆ ಏನು ಅನ್ನುವುದನ್ನೂ ಮುಚ್ಚಿಡದೆ ಹೇಳಬೇಕು. ಬಾಣಂತಿ ಸನ್ನಿ ಸಾಮಾನ್ಯವಾಗಿ ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಒಮ್ಮೆ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಾಧ್ಯತೆ ಬಹಳ ಹೆಚ್ಚು, ಮೂವರಲ್ಲಿ ಒಬ್ಬರಿಗೆ ಅಂತ ಕೆಲವು ಲೆಕ್ಕ, ಇಬ್ಬರಲ್ಲಿ ಒಬ್ಬರಿಗೆ ಅಂತ ಇನ್ನು ಕೆಲವು. ಆದರೆ ಮೊದಲ ಸಲ ನಿಮಗೆ ಯಾರಿಗೂ ಗೊತ್ತಿರಲಿಲ್ಲ. ಈ ಸಲ ಗೊತ್ತಿದೆ. ಮೊದಲೇ ತಯಾರಿ ಮಾಡಿಕೊಂಡರೆ ಅದನ್ನು ತಡೆಯಲು, ಬಂದರೂ ಬೇಗ ಹಿಡಿಯಲು ಆಗುತ್ತದೆ. ಲಿಥಿಯಂನಿಂದ ಮಗುವಿನ ಹೃದಯದಲ್ಲಿ ದೋಷ ಬರುವ ಅಪಾಯ ಸ್ವಲ್ಪ ಏರುತ್ತದೆ, ಡೋಸ್ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ. ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಹಾಗಾಗಿ ಐದನೇ ತಿಂಗಳ ಹೊತ್ತಿಗೆ ಮಗುವಿನ ಹೃದಯದ ವಿಶೇಷ ಸ್ಕ್ಯಾನ್ ಮಾಡಿಸುತ್ತಾರೆ. ಬಸಿರಲ್ಲಿ ಕಿಡ್ನಿ ಜಾಸ್ತಿ ಕೆಲಸ ಮಾಡುವುದರಿಂದ ರಕ್ತದಲ್ಲಿ ಲಿಥಿಯಂ ಇಳಿಯುತ್ತದೆ, ಅದನ್ನು ಪದೇ ಪದೇ ಚೆಕ್ ಮಾಡಬೇಕು.

ಇದನ್ನು ಓದುವ ಬೇರೆ ಹೆಣ್ಣುಮಕ್ಕಳಿಗೂ ಒಂದು ಮಾತು. ವಾಲ್‌ಪ್ರೊಯೇಟ್ ಅನ್ನುವ ಗುಳಿಗೆ ಫಿಟ್ಸ್‌ಗೂ ಕೊಡುತ್ತಾರೆ, ಬೈಪೋಲಾರ್‌ಗೂ ಕೊಡುತ್ತಾರೆ. ಬಸಿರಲ್ಲಿ ಅದು ಲಿಥಿಯಂಗಿಂತ ಎಷ್ಟೋ ಅಪಾಯ. ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಲ್ಲೇ ದೋಷ, ಹತ್ತರಲ್ಲಿ ಮೂರ್ನಾಲ್ಕು ಮಕ್ಕಳಿಗೆ ಬೆಳವಣಿಗೆ ಮತ್ತು ಕಲಿಕೆಯ ತೊಂದರೆ. ಅದನ್ನು ತೆಗೆದುಕೊಳ್ಳುವವರು ಬಸಿರಾಗುವ ಮೊದಲೇ ಡಾಕ್ಟರನ್ನು ಕೇಳಬೇಕು. ಅದನ್ನೂ ತಾವಾಗಿಯೇ ಬಿಡಬಾರದು.

ತೆಗೆಸುವುದಾದರೆ ಒಂಬತ್ತು ವಾರದವರೆಗೆ ಗುಳಿಗೆಯಿಂದ ಆಗುತ್ತದೆ. ಮೊದಲು ಮಿಫೆಪ್ರಿಸ್ಟೋನ್, ಆಮೇಲೆ ಮಿಸೊಪ್ರೊಸ್ಟಾಲ್. ಮೆಡಿಕಲ್ ಅಂಗಡಿಯಲ್ಲಿ ಹಾಗೇ ಕೇಳಿ ತಂದು ನುಂಗಬೇಡ, ಅದೂ ನೀನು ಲಿಥಿಯಂ ಮೇಲೆ ಇರುವಾಗ. ಒಂಬತ್ತು ವಾರದ ನಂತರ ಹೀರಿ ತೆಗೆಯುವ ವಿಧಾನ ಇದೆ, ಹಳೆಯ ಕಾಲದ ಹಾಗೆ ಕೆರೆದು ತೊಳೆಯುವುದಕ್ಕಿಂತ ಅದು ಸುರಕ್ಷಿತ. ಏಳು ವಾರ ಅಂದರೆ ಯೋಚನೆ ಮಾಡಲು ಸಮಯ ಇದೆ, ಆದರೆ ತಿಂಗಳುಗಟ್ಟಲೆ ಇಲ್ಲ.

ನಿದ್ದೆ ಹೇಗಿದೆ ಈಗ? ಅದನ್ನು ಹೇಳು.

ಸಪ್ತಾಪುರ ಧಾರವಾಡ

ನಿಮ್ಮ ಪೋಸ್ಟ್ ಓದಿ ಸುಮ್ನೆ ಹೋಗಲು ಆಗಲಿಲ್ಲ. ನಾನು ಮಾಡಿಸಿಕೊಂಡವಳು. ನನಗೆ ಓಸಿಡಿ ಇದೆ, ಅಂದರೆ ಒಂದೇ ಯೋಚನೆ ಬಿಡದೆ ಕಾಡುವ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಜೊತೆಗೆ ಡಿಪ್ರೆಶನ್. ಬಸಿರು ಅಂತ ಗೊತ್ತಾದಾಗ ಎರಡೂ ಜೋರಾಗಿದ್ದ ಕಾಲ. ಗಂಡ ಹೆಂಡತಿ ಕೂತು ಮಾತಾಡಿದೆವು, ಈಗ ಬೇಡ ಅಂತ ತೀರ್ಮಾನ ಮಾಡಿದೆವು.

ಆದ ಮೇಲೆ ಮೊದಲು ಅನಿಸಿದ್ದು ಸಮಾಧಾನ. ನಿಜವಾಗಿ. ಎದೆ ಮೇಲಿನ ಕಲ್ಲು ಇಳಿಸಿದ ಹಾಗೆ. ಅದರ ಹಿಂದೆಯೇ ದುಃಖವೂ ಬಂತು. ಎರಡೂ ಒಟ್ಟಿಗೆ ಇದ್ದವು, ಬಹಳ ದಿನ. ನನ್ನ ಕೌನ್ಸೆಲರ್ ಆಗ ಹೇಳಿದ್ದು, ಅತ್ತಿದ್ದಕ್ಕೆ ನೀನು ತಪ್ಪು ಮಾಡಿದ್ದೀಯ ಅಂತ ಅರ್ಥ ಅಲ್ಲ, ಅತ್ತರೆ ಕಾಯಿಲೆ ಮರಳಿದೆ ಅಂತಲೂ ಅಲ್ಲ. ಯಾವುದಾದರೂ ದೊಡ್ಡ ನಿರ್ಧಾರ ಮಾಡಿದರೆ ಮನಸ್ಸು ನೋಯುತ್ತದೆ.

ನನಗೆ ನಿಜವಾದ ಕಷ್ಟ ಕೊಟ್ಟದ್ದು ಓಸಿಡಿ. ನಾನು ಪಾಪ ಮಾಡಿದೆನಾ, ಆ ಮಗುವಿಗೆ ನೋವಾಯಿತಾ, ನಾನು ಕೆಟ್ಟವಳಾ, ಇದೇ ನಾಲ್ಕು ಮಾತು ದಿನಪೂರ್ತಿ ತಿರುಗುತ್ತಿತ್ತು. ರಾತ್ರಿ ಮೊಬೈಲ್‌ನಲ್ಲಿ ಎಷ್ಟನೇ ವಾರಕ್ಕೆ ಮಗು ಹೇಗಿರುತ್ತದೆ ಅಂತ ಹುಡುಕುವುದು, ಗಂಡನನ್ನು ಎಬ್ಬಿಸಿ ನಾವು ಮಾಡಿದ್ದು ಸರಿ ತಾನೆ ಅಂತ ಕೇಳುವುದು, ಅವರು ಸರಿ ಅಂದರೆ ಐದು ನಿಮಿಷ ನೆಮ್ಮದಿ, ಮತ್ತೆ ಕೇಳುವುದು. ಮೊದಲು ಬಾಗಿಲ ಚಿಲಕ ನೋಡುತ್ತಿದ್ದೆ, ಈಗ ಪಾಪವನ್ನು ನೋಡುತ್ತಿದ್ದೆ, ಅಷ್ಟೇ. ಕಾಯಿಲೆ ಅದೇ. ಅದನ್ನು ಗುರುತು ಹಿಡಿದ ಮೇಲೆ ಚಿಕಿತ್ಸೆ ಸುಲಭವಾಯಿತು. ಹುಡುಕುವುದನ್ನು ನಿಲ್ಲಿಸಬೇಕು, ಗಂಡ ಪದೇ ಪದೇ ಸಮಾಧಾನ ಹೇಳುವುದನ್ನು ನಿಲ್ಲಿಸಬೇಕು. ಮೊದಮೊದಲು ಉಸಿರು ಕಟ್ಟಿದ ಹಾಗಾಗುತ್ತಿತ್ತು, ನಿಧಾನಕ್ಕೆ ಇಳಿಯಿತು. ಹಾಗಾಗಿ ಬೈಪೋಲಾರ್ ಇದ್ದರೂ, ಓಸಿಡಿ ಇದ್ದರೂ, ಆಮೇಲೆ ಬರುವ ಯೋಚನೆಯಲ್ಲಿ ನಿಮ್ಮ ದುಃಖ ಎಷ್ಟು, ಕಾಯಿಲೆ ಎಷ್ಟು ಅಂತ ಬೇರೆ ಮಾಡಿ ನೋಡುವ ಒಬ್ಬರು ಜೊತೆಗೆ ಇರಲೇಬೇಕು.

ಅಮೆರಿಕದಲ್ಲಿ ಟರ್ನ್‌ಅವೇ ಅಂತ ಒಂದು ಅಧ್ಯಯನ ನಡೆದಿದೆ. ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಬಿಡದೆ ಮಾತಾಡಿಸಿದರು. ಕೆಲವರಿಗೆ ಗರ್ಭಪಾತ ಸಿಕ್ಕಿತ್ತು, ಕೆಲವರನ್ನು ವಾರ ಮೀರಿತು ಅಂತ ವಾಪಸ್ ಕಳಿಸಿದ್ದರು. ಶುರುವಿನಲ್ಲಿ ಆತಂಕ ಜಾಸ್ತಿ ಇದ್ದದ್ದು ವಾಪಸ್ ಕಳಿಸಿದವರಿಗೆ. ಒಂದು ವರ್ಷದೊಳಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಆಯಿತು. ಮಾಡಿಸಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ನಮಗೆ ಅದು ಸರಿಯಾದ ನಿರ್ಧಾರವೇ ಆಗಿತ್ತು ಅಂದರು. ಓದಿದಾಗ ನನಗೆ ಧೈರ್ಯ ಬಂತು. ಅದು ಅಲ್ಲಿನ ಹೆಂಗಸರ ಲೆಕ್ಕ, ನಮ್ಮ ಅತ್ತೆ ಮಾವ, ನಮ್ಮ ಓಣಿ ಅದರಲ್ಲಿ ಇಲ್ಲ. ಇಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದೇ ಇರುವುದೇ ಅರ್ಧ ಕಾಯಿಲೆ. ನಿಮಗೆ ಗಂಡ ಇದ್ದಾರೆ, ಅಣ್ಣ ಇದ್ದಾರೆ. ಅವರಿಗೆ ಎಲ್ಲಾ ಹೇಳಿ.

ತಲೆಯೊಳಗೆ ಸಾಯುವ ಯೋಚನೆ ಏನಾದರೂ ಸುಳಿದರೆ, ಅದು ಎಷ್ಟೇ ಸಣ್ಣದಿರಲಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಣ ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ನವಲಗುಂದದ ಹಿರಿಯಳು

ಮಗಳೇ, ನಾನು ಹಳೆಯ ಕಾಲದವಳು. ಬಂದ ಜೀವವನ್ನು ಕಳೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ದೇವರು ಕೊಟ್ಟದ್ದನ್ನು ದೇವರೇ ನೋಡಿಕೊಳ್ಳುತ್ತಾನೆ ಅಂತ ನಂಬಿದವಳು. ನಿಮ್ಮ ಅತ್ತೆಯನ್ನೂ ಬೈಯಬೇಡ, ಅವರಿಗೂ ಮೊಮ್ಮಗುವಿನ ಆಸೆ. ಆದರೂ ನಿನ್ನ ಕಷ್ಟ ಓದಿ ಕಣ್ಣು ತುಂಬಿತು. ನೀನು ಚೆನ್ನಾಗಿರಬೇಕು, ಆ ಇರುವ ಕೂಸಿಗೆ ತಾಯಿ ಬೇಕು.

ರಾಣೆಬೆನ್ನೂರು ಅಕ್ಕ

ಅಜ್ಜಿ ಹೇಳಿದ್ದಕ್ಕೆ ಗೌರವ ಇಟ್ಟುಕೊಂಡೇ ಒಂದು ಮಾತು. ದೇವರು ನೋಡಿಕೊಳ್ಳುತ್ತಾನೆ ಅಂತ ಬಿಟ್ಟರೆ ಸಾಲದು, ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಳ್ಳುವವರು ಯಾರು ಅಂತ ಮೊದಲೇ ಮಾತಾಡಿಕೊಂಡಿರಬೇಕು. ನಾನು ಬೈಪೋಲಾರ್ ಇದ್ದು ಎರಡನೇ ಮಗು ಹೆತ್ತವಳು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಇಟ್ಟುಕೊಂಡೆ ಅಂತ ನೀವೂ ಇಟ್ಟುಕೊಳ್ಳಿ ಅನ್ನುವುದಿಲ್ಲ ತಂಗಿ. ನನಗೆ ಮಗು ಬೇಕಿತ್ತು. ಅದೇ ದೊಡ್ಡ ವ್ಯತ್ಯಾಸ. ಬೇಕು ಅನಿಸಿದವರಿಗೆ ದಾರಿ ಇದೆ ಅನ್ನುವುದು ತಿಳಿಯಲಿ ಅಂತ ಬರೆಯುತ್ತಿದ್ದೇನೆ, ಯಾಕಂದರೆ ನನಗೂ ಒಬ್ಬ ಡಾಕ್ಟರು ಇಂಥ ಕಾಯಿಲೆಯವರು ಹೆರಲೇಬಾರದು ಅಂತ ಮುಖಕ್ಕೇ ಹೇಳಿದ್ದರು. ತೆಗೆಸು ಅಂತ ಒತ್ತಾಯ ಮಾಡುವುದೂ ಇಡು ಅಂತ ಒತ್ತಾಯ ಮಾಡುವುದರಷ್ಟೇ ಕೆಟ್ಟದ್ದು.

ನಮ್ಮಲ್ಲಿ ಮಾಡಿದ್ದು ಏನೆಂದರೆ, ನನ್ನ ಮನೋವೈದ್ಯರು ಹೆರಿಗೆ ಡಾಕ್ಟರಿಗೆ ಒಂದು ಪತ್ರ ಬರೆದರು. ಯಾವ ಗುಳಿಗೆ, ಎಷ್ಟು, ಹೆರಿಗೆ ಹತ್ತಿರ ಬಂದಾಗ ಏನು ಮಾಡಬೇಕು, ಹೆರಿಗೆ ಆದ ದಿನವೇ ಯಾವುದನ್ನು ಶುರು ಮಾಡಬೇಕು, ಎಲ್ಲಾ ಅದರಲ್ಲಿತ್ತು. ಅದರ ಒಂದು ಪ್ರತಿ ತಾಯಿ ಕಾರ್ಡಿನ ಜೊತೆ ಇಟ್ಟಿದ್ದೆ. ಬಾಣಂತನ ತವರಲ್ಲಿ. ಅಮ್ಮನಿಗೆ ಮೊದಲೇ ಹೇಳಿದ್ದೆ, ನನಗೆ ಲೇಹ್ಯ, ಕಷಾಯ ಕಡಿಮೆ ಆದರೂ ನಡೆಯುತ್ತದೆ, ರಾತ್ರಿ ನಿದ್ದೆ ಮಾತ್ರ ತಪ್ಪಬಾರದು. ರಾತ್ರಿ ಮಗುವನ್ನು ಅಮ್ಮ, ನಮ್ಮ ಯಜಮಾನರು ನೋಡಿಕೊಂಡರು, ಪುಡಿ ಹಾಲು ಕೊಟ್ಟರು. ಬಂದವರೆಲ್ಲ ಎದೆಹಾಲು ಕುಡಿಸದೆ ಮಲಗಿದ್ದಾಳೆ ಅಂತ ಆಡಿಕೊಂಡರು. ಅಮ್ಮ ಯಾರಿಗೂ ಉತ್ತರ ಕೊಡಲಿಲ್ಲ, ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಮಗುವಿಗೆ ಹಾಲು ಯಾವುದು ಅನ್ನುವುದಕ್ಕಿಂತ ತಾಯಿಗೆ ಬುದ್ಧಿ ಸ್ಥಿಮಿತದಲ್ಲಿ ಇರುವುದು ಮುಖ್ಯ ಅಂತ ಅವರಿಗೆ ಅರ್ಥ ಆಗಿತ್ತು.

ಹೀಗೆಲ್ಲ ಮಾಡಿಯೂ ಹೆರಿಗೆ ಆದ ಮೇಲೆ ನನಗೆ ಸ್ವಲ್ಪ ಏರುಪೇರು ಆಯಿತು, ಮಾತು ಜಾಸ್ತಿ, ನಿದ್ದೆ ಬೇಡ ಅನ್ನುವ ಹಾಗೆ. ಬೇಗ ಹಿಡಿದರು, ಡೋಸ್ ಹೆಚ್ಚಿಸಿದರು, ಇಳಿಯಿತು. ಈಗ ಮಗ ಶಾಲೆಗೆ ಹೋಗುತ್ತಾನೆ. ಇಂಥ ಬಾಣಂತಿಯರನ್ನು ಮಗುವಿನ ಸಮೇತ ಸೇರಿಸಿಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ನಮ್ಮ ಕಡೆಯ ಪ್ರತಿ ಜಿಲ್ಲೆಗೂ ಅಂಥದ್ದು ಬೇಕು ಅಂತ ನನ್ನ ಆಸೆ.

ನಿಮ್ಮ ಮನೆಯಲ್ಲಿ ರಾತ್ರಿ ಎತ್ತಿಕೊಳ್ಳುವವರು ಯಾರು? ಮಗಳಿಗೆ ಜೋಡಿ ಬೇಕು ಅನ್ನುವ ನಿಮ್ಮ ಅತ್ತೆ ಆ ಕೆಲಸಕ್ಕೆ ನಿಲ್ಲುತ್ತಾರಾ? ಅದನ್ನು ನೇರವಾಗಿ ಕೇಳಿ. ಉತ್ತರ ಬಂದ ಮೇಲೆ ನಿಮ್ಮ ಮನಸ್ಸಿಗೆ ಅರ್ಧ ಸ್ಪಷ್ಟ ಆಗುತ್ತದೆ.

ಧಾರವಾಡದ ವಕೀಲೆ

ಸಹಿಯ ವಿಷಯ ನಾನು ಹೇಳುತ್ತೇನೆ, ಯಾಕಂದರೆ ಇದರಲ್ಲಿ ಬಹಳ ಗೊಂದಲ ಇದೆ.

ಹದಿನೆಂಟು ತುಂಬಿದ ಹೆಣ್ಣುಮಗಳಿಗೆ ಅವಳ ಒಪ್ಪಿಗೆ ಮಾತ್ರ ಸಾಕು. ಗಂಡನ ಸಹಿ ಕಾನೂನು ಕೇಳುವುದಿಲ್ಲ, ಅತ್ತೆಯದಂತೂ ಇಲ್ಲವೇ ಇಲ್ಲ. ಇದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರಲ್ಲಿ ತಿದ್ದುಪಡಿ ಆಗಿದೆ. 20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ ಅಭಿಪ್ರಾಯ ಸಾಕು. ತಾಯಿಯ ದೇಹಕ್ಕೆ ಅಥವಾ ಮನಸ್ಸಿಗೆ ಗಂಭೀರ ಹಾನಿ ಆಗುತ್ತದೆ ಅನ್ನುವುದು ಒಂದು ಕಾರಣ. ಗರ್ಭನಿರೋಧಕ ಕೈಕೊಟ್ಟಿದ್ದರೆ ಅದರಿಂದಾಗುವ ಸಂಕಟವನ್ನೇ ಮನಸ್ಸಿಗೆ ಆದ ಗಂಭೀರ ಹಾನಿ ಅಂತ ಕಾನೂನು ಎಣಿಸುತ್ತದೆ. ನಿಮ್ಮದು ಎರಡೂ ಕಾರಣಕ್ಕೆ ಹೊಂದುತ್ತದೆ.

ಒಂದು ತೊಡಕು ಇದೆ. "ಮಾನಸಿಕ ಅಸ್ವಸ್ಥೆ" ಆದರೆ ಪೋಷಕರ (ಗಾರ್ಡಿಯನ್) ಲಿಖಿತ ಒಪ್ಪಿಗೆ ಬೇಕು ಅಂತ ಅದೇ ಕಾಯ್ದೆಯಲ್ಲಿ ಇದೆ. ಆ ಮಾತನ್ನು ಹಿಡಿದುಕೊಂಡು ಕೆಲವು ಕಡೆ ಗುಳಿಗೆ ತೆಗೆದುಕೊಳ್ಳುವ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ, ಕೋರ್ಟು ಹಾಗೆ ತೀರ್ಪು ಕೊಟ್ಟ ಹೊರತು, ಅವರನ್ನು ಬುದ್ಧಿ ಸ್ವಾಧೀನ ಇಲ್ಲದವರು ಅಂತ ಎಣಿಸುವ ಹಾಗಿಲ್ಲ. 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಹೆರುವ, ಹೆರದೇ ಇರುವ ಆಯ್ಕೆ ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅದು ಮಗು ಬೇಕು ಅಂದ ಹೆಣ್ಣುಮಗಳ ಪ್ರಕರಣ, ಸಣ್ಣ ಪ್ರಮಾಣದ ಬುದ್ಧಿಮಾಂದ್ಯ ಇದ್ದವಳು. ಅವಳ ಒಪ್ಪಿಗೆ ಇಲ್ಲದೆ ತೆಗೆಯುವ ಹಾಗಿಲ್ಲ ಅಂತ ತೀರ್ಪು ಬಂತು. ಮೇಲೆ ರಾಣೆಬೆನ್ನೂರಿನ ಅಕ್ಕ ಹೇಳಿದ ಒತ್ತಾಯದ ಮಾತಿಗೂ ಇದೇ ಉತ್ತರ.

ಹಾಗಾಗಿ ಈಗ ಮಾಡಬೇಕಾದ್ದು ಇದು. ನಿಮ್ಮ ಮನೋವೈದ್ಯರಿಂದ ಒಂದು ಚೀಟಿ ತೆಗೆದುಕೊಳ್ಳಿ. ಇವರು ಚಿಕಿತ್ಸೆಯಲ್ಲಿದ್ದಾರೆ, ಸ್ಥಿರವಾಗಿದ್ದಾರೆ, ಈ ವಿಷಯ ಅರ್ಥ ಮಾಡಿಕೊಂಡು ಸ್ವತಃ ನಿರ್ಧಾರ ಮಾಡಲು ಶಕ್ತರು ಅಂತ. ಅಷ್ಟಾದ ಮೇಲೂ ತಕರಾರು ಮಾಡಿದರೆ ಬೇರೆ ಕಡೆ ಹೋಗಿ. ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ, ಖಾಸಗಿಗೆ ಬೇಕು. ಎಲ್ಲರ ಮುಂದೆ ನಿಮ್ಮ ವಿಷಯ ಜೋರಾಗಿ ಹೇಳಿದರು ಅಂದಿರಿ. ಗರ್ಭಪಾತ ಮಾಡಿಸಿಕೊಂಡವರ ಹೆಸರು, ವಿವರ ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು, ದಂಡವೂ ಇದೆ. ಅಷ್ಟು ಗಂಭೀರವಾದ ಗುಟ್ಟು ಅದು.

ಲಿಂಗ ಪತ್ತೆ ಅಪರಾಧ ಅಂತ ಸ್ಕ್ಯಾನಿಂಗ್ ಸೆಂಟರಿನಲ್ಲಿ ಬೋರ್ಡು ನೋಡಿ ಗರ್ಭಪಾತವೇ ಅಪರಾಧ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಬೇರೆ ಕಾನೂನು, 1994ರದ್ದು. ಇದು ಬೇರೆ.

ತಡ ಮಾಡಬೇಡಿ ಅನ್ನಲು ಒಂದು ಕಾರಣ ಇದೆ. ಮಾನಸಿಕ ಕಾಯಿಲೆ ಇರುವವರಿಗೆ 24 ವಾರದವರೆಗೂ ಅವಕಾಶ ಇದೆ, ಆಗ ಇಬ್ಬರು ಡಾಕ್ಟರ್ ಒಪ್ಪಬೇಕು. ಅದನ್ನು ದಾಟಿದರೆ ಬಹಳ ಕಷ್ಟ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಎರಡನೇ ಹೆರಿಗೆ ಆದ ಮೇಲೆ ಮಾನಸಿಕ ಕಾಯಿಲೆ ಬಂದು ಔಷಧದ ಮೇಲೆ ಇದ್ದವರು. ಎದೆಹಾಲು ಕುಡಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ, ಬಸಿರು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಮೊದಲು ಕೋರ್ಟ್ ಒಪ್ಪಿತು, ಆಮೇಲೆ ಇಬ್ಬರು ನ್ಯಾಯಮೂರ್ತಿಗಳಲ್ಲಿ ಅಭಿಪ್ರಾಯ ಬೇರೆಯಾಯಿತು, ಕೊನೆಗೆ ಮೂವರ ಪೀಠ 16ನೇ ತಾರೀಖು ಬೇಡ ಅಂದಿತು. 26 ವಾರ ದಾಟಿತ್ತು, ಮಗುವಿಗೆ ದೋಷ ಇರಲಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯ ಇಲ್ಲ ಅನ್ನುವುದು ಕಾರಣ. ಆ ತಾಯಿಯ ಕಷ್ಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮಗೆ ಇನ್ನೂ ಏಳು ವಾರ. ನಿಮ್ಮ ಕೈಯಲ್ಲಿ ಇದೆ.

ಹುಬ್ಬಳ್ಳಿಯವಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಜ್ಜಿ, ನಿಮ್ಮ ಮಾತಿಗೆ ಬೇಜಾರಿಲ್ಲ.

ರಾಣೆಬೆನ್ನೂರು ಅಕ್ಕ ಹೇಳಿದ ಹಾಗೆ ಅತ್ತೆಯನ್ನು ಕೇಳಿದೆ. ರಾತ್ರಿ ನನಗೆ ಮೊಣಕಾಲು ನೋವು, ನನ್ನ ಕೈಲಿ ಆಗುವುದಿಲ್ಲ ಅಂದರು. ನಮ್ಮ ತಾಯಿ ಇಲ್ಲ. ಇವರದ್ದು ಪಾಳಿ ಕೆಲಸ, ವಾರ ಬಿಟ್ಟು ವಾರ ರಾತ್ರಿ ಹೋಗಬೇಕು. ಇದೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಕೂತು ನೋಡಿದೆವು. ಇವರಿಗೆ ಕಣ್ಣಲ್ಲಿ ನೀರು ಬಂತು. ನನಗೆ ಈಗ ಬೇಡ ಅಂತಲೇ ಮನಸ್ಸು ಹೆಚ್ಚು ವಾಲುತ್ತಿದೆ, ಆದರೆ ಡಾಕ್ಟರ ಹತ್ತಿರ ಹೋಗಿ ಮಾತಾಡಿ ಆಮೇಲೆ ಗಟ್ಟಿ ಮಾಡುತ್ತೇನೆ. ಈ ವಾರವೇ ಡಿಮ್ಹಾನ್ಸ್‌ಗೆ ಹೋಗುತ್ತೇವೆ, ಚೀಟಿ ತೆಗೆದುಕೊಂಡು ಅಲ್ಲಿಂದ ಸರ್ಕಾರಿ ದವಾಖಾನೆಗೆ.

ಸಿಸ್ಟರ್, ನಿದ್ದೆ ಸ್ವಲ್ಪ ಕಡಿಮೆ ಆಗಿದೆ, ಆದರೆ ಬರುತ್ತಿದೆ. ಎರಡು ವಿಷಯ ಕೇಳಬೇಕು. ಹೊಟ್ಟೆ ನೋವಿಗೆ ಯಾವ ಗುಳಿಗೆ ತೆಗೆದುಕೊಳ್ಳಬಹುದು? ಆಮೇಲೆ ಮನೆಗೆ ಬಂದ ಮೇಲೆ ನಾನು, ಇವರು ಏನನ್ನು ಗಮನಿಸಬೇಕು?

ಗದಗ ಸಿಸ್ಟರ್

ನೋವಿನ ಗುಳಿಗೆ ಕೇಳಿದ್ದು ಬಹಳ ಒಳ್ಳೆಯದಾಯಿತು ತಂಗಿ. ಗರ್ಭಪಾತದ ನೋವಿಗೆ ಸಾಮಾನ್ಯವಾಗಿ ಎಲ್ಲರಿಗೂ ಐಬುಪ್ರೊಫೆನ್ ಬರೆದುಕೊಡುತ್ತಾರೆ. ಅದು, ಡೈಕ್ಲೋಫೆನಾಕ್, ಅಂಥವು ಲಿಥಿಯಂ ಜೊತೆ ಸೇರಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಆದ್ದರಿಂದ ನೋವಿಗೆ ಏನು ಬರೆದರೂ ನಾನು ಲಿಥಿಯಂ ಮೇಲೆ ಇದ್ದೇನೆ ಅಂತ ನೀನೇ ಬಾಯಿಬಿಟ್ಟು ಹೇಳು, ಪ್ಯಾರಸಿಟಮಾಲ್ ಸಾಕಾಗುತ್ತದಾ, ಬೇರೆ ಏನು ಕೊಡುತ್ತೀರಿ ಅಂತ ಕೇಳು. ಮಿಸೊಪ್ರೊಸ್ಟಾಲ್‌ನಿಂದ ಕೆಲವರಿಗೆ ಭೇದಿ, ವಾಂತಿ ಆಗುತ್ತದೆ. ಮೈಯಲ್ಲಿ ನೀರು ಕಡಿಮೆ ಆದರೂ ಲಿಥಿಯಂ ಏರುತ್ತದೆ. ಆ ದಿನ ನೀರು, ಓಆರ್‌ಎಸ್ ಕುಡಿಯುತ್ತಾ ಇರು. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡೆಯುವಾಗ ತೂರಾಡಿದರೆ ಅದು ಲಿಥಿಯಂ ಅತಿಯಾದ ಗುರುತು, ತಡಮಾಡದೆ ದವಾಖಾನೆಗೆ ಹೋಗಬೇಕು. ಕಾರ್ಬಮಜೆಪಿನ್ ತೆಗೆದುಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದು ಮಿಫೆಪ್ರಿಸ್ಟೋನ್‌ನ ಕೆಲಸ ಕಡಿಮೆ ಮಾಡಬಹುದು, ಗರ್ಭನಿರೋಧಕ ಗುಳಿಗೆಯನ್ನೂ ದುರ್ಬಲ ಮಾಡುತ್ತದೆ, ಮೊದಲೇ ಹೇಳಿ.

ಮೈ ಕಡೆ ಗಮನಿಸುವುದು: ತಾಸಿಗೆ ಎರಡು ಪ್ಯಾಡ್ ತೊಯ್ದು, ಹಾಗೇ ಎರಡು ತಾಸು ಮುಂದುವರಿದರೆ ಕಾಯಬೇಡ. ಜ್ವರ ಒಂದು ದಿನ ಬಿಡದಿದ್ದರೆ, ಕೆಟ್ಟ ವಾಸನೆ ಬಂದರೆ, ಗುಳಿಗೆಗೂ ಬಗ್ಗದ ನೋವು ಬಂದರೆ, ಹೋಗಬೇಕು. ಬಸಿರಿನ ಕಿಟ್ ಮೂರ್ನಾಲ್ಕು ವಾರ ಎರಡು ಗೆರೆ ತೋರಿಸಬಹುದು, ಅದನ್ನು ನೋಡಿ ಗಾಬರಿ ಆಗಬೇಡ. ಡಾಕ್ಟರ್ ಹೇಳಿದ ದಿನಕ್ಕೆ ಚೆಕಪ್‌ಗೆ ಹೋಗು.

ಮನಸ್ಸಿನ ಕಡೆ ನಿನಗಿಂತ ನಿನ್ನ ಯಜಮಾನರೇ ಚೆನ್ನಾಗಿ ಗಮನಿಸುತ್ತಾರೆ, ಅವರಿಗೇ ಇದನ್ನು ತೋರಿಸು. ಅಳುವುದು, ಊಟ ಬೇಡ ಅನ್ನುವುದು, ಯಾರ ಜೊತೆಗೂ ಮಾತು ಬೇಡ ಅನ್ನುವುದು ಮೊದಲ ದಿನಗಳಲ್ಲಿ ಇರಬಹುದು. ಅದು ದಿನ ಕಳೆದ ಹಾಗೆ ಇಳಿಯಬೇಕು. ಎರಡು ವಾರ ಆದರೂ ಇಳಿಯದೆ ಏರುತ್ತಿದ್ದರೆ ಫೋನ್ ಮಾಡಬೇಕು. ನಿನ್ನ ಕಾಯಿಲೆಯಲ್ಲಿ ಇನ್ನೊಂದು ಗುರುತು ಮುಖ್ಯ. ಎರಡು ರಾತ್ರಿ ನಿದ್ದೆ ಇಲ್ಲ, ಆದರೂ ದಣಿವೇ ಇಲ್ಲ, ಮಾತು ಜಾಸ್ತಿ, ಸಂಶಯ ಜಾಸ್ತಿ ಅಂದರೆ ಎರಡು ವಾರ ಬೇಡ, ಎರಡನೇ ದಿನವೇ ಮನೋವೈದ್ಯರ ಹತ್ತಿರ. ಧಾರವಾಡಕ್ಕೆ ಆಗಾಗ ಬರಲು ಆಗದವರಿಗೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಸುವ ಕಾರ್ಯಕ್ರಮ ಇದೆ, ಕುಂದಗೋಳ, ನವಲಗುಂದ ಕಡೆಯವರು ಅಲ್ಲಿ ವಿಚಾರಿಸಿ.

ತೆಗೆಸಿದ ಮೇಲೆ ಬೇಗನೇ ಮತ್ತೆ ಬಸಿರಾಗಬಹುದು, ಮುಟ್ಟು ಬರುವ ತನಕ ಕಾಯುವ ಹಾಗಿಲ್ಲ. ವಂಕಿ (ಕಾಪರ್-ಟಿ) ಹಾಕಿಸುವುದಾದರೆ ಯಾವಾಗ ಅಂತ ಅದೇ ದಿನ ಕೇಳಿ ತೀರ್ಮಾನ ಮಾಡಿಕೊಂಡು ಬಾ. ವಂಕಿ ನಿನ್ನ ಗುಳಿಗೆಗಳಿಗೆ ಅಡ್ಡ ಬರುವುದಿಲ್ಲ.

ಡಿಮ್ಹಾನ್ಸ್‌ಗೆ ಹೋಗುವಾಗ ಸ್ಕ್ಯಾನ್ ರಿಪೋರ್ಟ್, ಹಳೆಯ ಚೀಟಿಗಳು, ಗುಳಿಗೆಯ ಪಟ್ಟಿ ಒಯ್ಯಿ. ಲಿಥಿಯಂ ಲೆವೆಲ್ ನೋಡಬೇಕು ಅಂದೇ ಅನ್ನುತ್ತಾರೆ. ರಾತ್ರಿ ಡೋಸ್ ಆಗಿ ಹನ್ನೆರಡು ತಾಸಿಗೆ ರಕ್ತ ಕೊಡಬೇಕು, ಬೆಳಗಿನ ಗುಳಿಗೆ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗು.